ಅಕ್ಷರಮಾಲೆಯೋ, ಆಲ್ಜೀಬ್ರವೋ?

ಉಪಾಧ್ಯಾಯರಾಗಲು ಹೊರಟವರು ಮೊದಲು ಬಿಡಿಸಬೇಕಾದ ಒಗಟು

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ವಾರ ಮಧ್ಯಮವರ್ಗದ ಮನೆಗಳಲ್ಲಿ ಒಂದು ಚಿಕ್ಕ ಸಭೆ ಕೂಡುವುದುಂಟು. ತಂದೆ ಕನ್ನಡಕವನ್ನು ಒರೆಸಿಕೊಳ್ಳುತ್ತ ಅಂಕಪಟ್ಟಿಯನ್ನು ಮತ್ತೊಮ್ಮೆ ನೋಡುತ್ತಾರೆ. ತಾಯಿ ಕಾಫಿಯ ಲೋಟಗಳನ್ನು ತಂದಿಟ್ಟು ಬಾಗಿಲ ಬಳಿಯೇ ನಿಲ್ಲುತ್ತಾರೆ. ಸೋದರಮಾವನೊಬ್ಬ, ಯಾರೂ ಕರೆಯದಿದ್ದರೂ, ಬಂದೇ ಇರುತ್ತಾನೆ. ಮಗಳು, "ನಾನು ಟೀಚರ್ ಆಗುತ್ತೇನೆ" ಎನ್ನುತ್ತಾಳೆ. ಎಂಜಿನಿಯರಿಂಗಿನ ಆಸೆ ಇಟ್ಟುಕೊಂಡಿದ್ದವರ ಮುಖ ಒಂದು ಕ್ಷಣ ಸಪ್ಪಗಾದರೂ ಕೊನೆಗೆ ಎಲ್ಲರೂ ಒಪ್ಪುತ್ತಾರೆ. ಗೌರವದ ಕೆಲಸ, ಸಂಜೆಯ ಹೊತ್ತಿಗೆ ಮನೆ ಸೇರಬಹುದು, ಬೇಸಿಗೆಯಲ್ಲಿ ರಜವೂ ಇದೆ. ಸಭೆ ಮುಗಿಯಿತೆಂದು ಎಲ್ಲರೂ ಏಳುವ ಹೊತ್ತಿಗೆ ಸೋದರಮಾವ ಕೇಳುತ್ತಾನೆ: "ಟೀಚರ್ ಎಂದರೆ ಯಾವ ಕ್ಲಾಸಿಗಮ್ಮ? ಯಾವ ಸಬ್ಜೆಕ್ಟಿಗೆ?"

ಅಲ್ಲಿಗೆ ಎದ್ದ ಸಭೆ ಮತ್ತೆ ಕುಳಿತುಕೊಳ್ಳುತ್ತದೆ.

ಕೇಳಿದವನು ಹಗುರವಾಗಿ ಕೇಳಿರಬಹುದು. ಆದರೆ ಉಪಾಧ್ಯಾಯ ವೃತ್ತಿಗೆ ಕಾಲಿಡುವವರ ಮುಂದಿನ ಮೂವತ್ತು ಮೂವತ್ತೈದು ವರ್ಷಗಳ ಬದುಕು ಈ ಒಂದು ಪ್ರಶ್ನೆಗೆ ಕೊಡುವ ಉತ್ತರವನ್ನು ಅವಲಂಬಿಸಿರುತ್ತದೆ. ಒಂದು ಕಾಲದಲ್ಲಿ ಮೇಷ್ಟ್ರು ಎಂದರೆ ಮೇಷ್ಟ್ರೇ. ಕಾಗುಣಿತದಿಂದ ಹಿಡಿದು ಚಕ್ರಬಡ್ಡಿಯವರೆಗೆ, ಅಮರಕೋಶದಿಂದ ಹಿಡಿದು ಭೂಪಟದವರೆಗೆ, ಒಬ್ಬನೇ ಮನುಷ್ಯ ಒಂದೇ ಜಗಲಿಯ ಮೇಲೆ ಎಲ್ಲವನ್ನೂ ಹೇಳಿಕೊಡುತ್ತಿದ್ದ. ಇಂದು ಹಾಗಲ್ಲ. ಯಾವ ವಯಸ್ಸಿನ ಮಕ್ಕಳಿಗೆ, ಯಾವ ವಿಷಯವನ್ನು, ಯಾವ ತರಬೇತಿ ಪಡೆದವರು ಕಲಿಸಬೇಕೆಂಬುದಕ್ಕೆ ಕಾನೂನು ಬೇಲಿ ಹಾಕಿದೆ. ಬೇಲಿಯ ಯಾವ ಬದಿಗೆ ನಿಲ್ಲಬೇಕೆಂಬುದನ್ನು ಹದಿನೆಂಟು ವರ್ಷದ ಹುಡುಗಿಯೊಬ್ಬಳು ಅರ್ಜಿಯ ನಮೂನೆ ತುಂಬುವಾಗಲೇ ತೀರ್ಮಾನಿಸಬೇಕು.

ಬೇಲಿಯೂ ಬಾಗಿಲೂ

ದೇಶದಲ್ಲಿ ಉಪಾಧ್ಯಾಯರ ಅರ್ಹತೆಯನ್ನು ಗೊತ್ತುಪಡಿಸುವ ಅಧಿಕಾರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನದು. 1993ರ ಕಾಯಿದೆಯಂತೆ ರಚಿತವಾಗಿ 1995ರಲ್ಲಿ ಕೆಲಸಕ್ಕೆ ತೊಡಗಿದ ಈ ಪರಿಷತ್ತು, ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಬಳಿಕ, ಅದೇ ವರ್ಷದ ಆಗಸ್ಟ್ 23ರಂದು ಒಂದು ಪ್ರಕಟಣೆಯನ್ನು ಹೊರಡಿಸಿತು. ಅದರ ತಾತ್ಪರ್ಯ ಇಷ್ಟು: 1ರಿಂದ 5ನೆಯ ತರಗತಿಗೆ ಕಲಿಸುವವರು ಪಿ.ಯು.ಸಿ. ಮುಗಿಸಿ ಪ್ರಾಥಮಿಕ ಶಿಕ್ಷಣದಲ್ಲಿ ಎರಡು ವರ್ಷದ ಡಿಪ್ಲೊಮಾ ಪಡೆದಿರಬೇಕು. ಹಿಂದಿನವರು ಟಿ.ಸಿ.ಎಚ್. ಎಂದೂ, ಆಮೇಲಿನವರು ಡಿ.ಎಡ್. ಎಂದೂ ಕರೆಯುತ್ತಿದ್ದ, ಈಗ ಡಿ.ಎಲ್.ಎಡ್. ಎನಿಸಿಕೊಂಡಿರುವ ತರಬೇತಿ ಇದೇ. 6ರಿಂದ 8ನೆಯ ತರಗತಿಗೆ ಪದವಿ ಬೇಕು. ಜತೆಗೆ ಆ ಡಿಪ್ಲೊಮಾ ಆದರೂ ಆದೀತು, ಬಿ.ಎಡ್. ಆದರೂ ಆದೀತು. ಇಬ್ಬರೂ ಶಿಕ್ಷಕರ ಅರ್ಹತಾ ಪರೀಕ್ಷೆ ಎಂಬ ಟಿ.ಇ.ಟಿ.ಯಲ್ಲಿ ತೇರ್ಗಡೆಯಾಗಿರಬೇಕು. 9 ಮತ್ತು 10ನೆಯ ತರಗತಿಗಳಿಗೆ ಪದವಿಯೊಡನೆ ಬಿ.ಎಡ್. ಬೇಕು, ಅದಕ್ಕೂ ಮೇಲೆ, ಪಿ.ಯು. ಮಟ್ಟಕ್ಕೆ, ಸ್ನಾತಕೋತ್ತರ ಪದವಿ ಬೇಕು.

ಕೇಳುವಾಗ ಇದು ಏಣಿಯ ಮೆಟ್ಟಿಲಿನಂತೆ ಕಾಣುತ್ತದೆ. ಕೆಳಗಿನ ಮೆಟ್ಟಿಲಿಗೆ ಕಡಿಮೆ ಓದು, ಮೇಲಿನದಕ್ಕೆ ಹೆಚ್ಚು ಓದು. ಆದುದರಿಂದ ಮೇಲೆ ಹತ್ತಿದವನು ಬೇಕಾದಾಗ ಕೆಳಗಿನ ಮೆಟ್ಟಿಲ ಮೇಲೂ ಕುಳಿತುಕೊಳ್ಳಬಹುದಲ್ಲವೆ? ಬಹುಮಂದಿ ಹಾಗೆಯೇ ತಿಳಿದಿದ್ದರು. ತಿಳಿಯಲು ಕಾರಣವೂ ಇತ್ತು. 2018ರ ಜೂನ್ ತಿಂಗಳಲ್ಲಿ ಪರಿಷತ್ತೇ ಒಂದು ಪ್ರಕಟಣೆ ಹೊರಡಿಸಿ, ಬಿ.ಎಡ್. ಆದವರೂ 1ರಿಂದ 5ನೆಯ ತರಗತಿಗೆ ಕಲಿಸಬಹುದು, ನೇಮಕವಾದ ಎರಡು ವರ್ಷಗಳೊಳಗೆ ಆರು ತಿಂಗಳ ಒಂದು ಪೂರಕ ತರಬೇತಿಯನ್ನು ಮುಗಿಸಿದರೆ ಸಾಕು ಎಂದು ಹೇಳಿತ್ತು. ದೇಶದಾದ್ಯಂತ ಸಾವಿರಾರು ಸಂಸಾರಗಳು ಆ ಮಾತನ್ನು ನಂಬಿ ಲೆಕ್ಕ ಹಾಕಿದವು: ಬಿ.ಎಡ್. ಒಂದನ್ನು ಮಾಡಿಬಿಟ್ಟರೆ ಎರಡು ಬಾಗಿಲೂ ತೆರೆದಂತೆ. ಡಿಪ್ಲೊಮಾ ಯಾರಿಗೆ ಬೇಕು?

2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ಆ ಲೆಕ್ಕವನ್ನು ತಲೆಕೆಳಗು ಮಾಡಿತು. ರಾಜಸ್ಥಾನದಿಂದ ಬಂದ ಒಂದು ವ್ಯಾಜ್ಯದಲ್ಲಿ ತೀರ್ಪು ನೀಡಿ, ಬಿ.ಎಡ್. ಎಂಬುದು ಮೇಲಿನ ತರಗತಿಗಳಿಗೆಂದು ರೂಪಿತವಾದ ತರಬೇತಿ, ಪುಟ್ಟಮಕ್ಕಳಿಗೆ ಕಲಿಸುವ ವಿಶೇಷ ಕೌಶಲವನ್ನು ಅದು ಕೊಡುವುದಿಲ್ಲ ಎಂದು ಎತ್ತಿಹಿಡಿಯಿತು. 2018ರ ಪ್ರಕಟಣೆ ರದ್ದಾಯಿತು. ತೀರ್ಪಿಗೆ ಮೊದಲೇ ನೇಮಕಗೊಂಡಿದ್ದವರಿಗೆ ನ್ಯಾಯಾಲಯ 2024ರಲ್ಲಿ ರಕ್ಷಣೆ ಕೊಟ್ಟಿತಾದರೂ, ಇನ್ನೂ ಬಾಗಿಲ ಹೊರಗೆ ಸರದಿಯಲ್ಲಿ ನಿಂತಿದ್ದವರ ಪಾಲಿಗೆ ಆ ಕದ ಮುಚ್ಚಿಹೋಯಿತು. ಎರಡು ವರ್ಷ ಓದಿ, ಶುಲ್ಕ ತೆತ್ತು, ಅರ್ಹತಾ ಪರೀಕ್ಷೆಯನ್ನೂ ಗೆದ್ದಿದ್ದ ಎಷ್ಟೋ ತರುಣ ತರುಣಿಯರು ಒಂದೇ ದಿನದಲ್ಲಿ ತಾವು ಪಡೆದ ವಿದ್ಯೆ ಬೇರೆ ಮನೆಯ ಬೀಗದ ಕೈ ಎಂಬುದನ್ನು ಕಂಡುಕೊಂಡರು. ತಪ್ಪು ಅವರದೆಂದು ಹೇಳುವುದು ಕಷ್ಟ. ಆದರೆ ತೀರ್ಪಿನ ಹಿಂದಿರುವ ವಿಚಾರ ತಪ್ಪೆಂದು ಹೇಳುವುದು ಇನ್ನೂ ಕಷ್ಟ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಮೇಲಿನಿಂದ ಕೆಳಕ್ಕೆ ಇಳಿಯುವ ದಾರಿ ಮುಚ್ಚಿದೆಯೇ ಹೊರತು ಕೆಳಗಿನಿಂದ ಮೇಲಕ್ಕೆ ಏರುವ ದಾರಿ ಮುಚ್ಚಿಲ್ಲ. ಡಿಪ್ಲೊಮಾ ಪಡೆದವಳು 1ರಿಂದ 5ರವರೆಗೆ ಅರ್ಹಳು; ಮುಂದೆ ಪದವಿಯನ್ನೂ ಪಡೆದರೆ 6ರಿಂದ 8ರವರೆಗೂ ಅರ್ಹಳು. ಬಿ.ಎಡ್. ಪಡೆದವಳಾದರೋ 6ರಿಂದ ಆರಂಭಿಸಿ ಮೇಲಕ್ಕೆ ಹೋಗಬಲ್ಲಳು, ಕೆಳಕ್ಕೆ ಬರಲಾರಳು. "ಕಡಿಮೆ ಓದಿನ ಕೋರ್ಸು" ಎಂದು ಸೋದರಮಾವಂದಿರು ಮೂಗು ಮುರಿಯುವ ಡಿಪ್ಲೊಮಾ, ಎಂಟು ತರಗತಿಗಳ ಬಾಗಿಲನ್ನು ತೆರೆಯಬಲ್ಲದೆಂಬುದು ಬಹುಮಂದಿಗೆ ತಿಳಿದೇ ಇಲ್ಲ.

ಚಿಕ್ಕ ಮಕ್ಕಳಿಗೆ ಚಿಕ್ಕ ವಿದ್ಯೆಯೇ?

ಬೇಲಿಯ ಮಾತು ಅಲ್ಲಿರಲಿ. ಒಂದನೆಯ ತರಗತಿಗೆ ಪಾಠ ಹೇಳುವುದು ಹತ್ತನೆಯ ತರಗತಿಗೆ ಹೇಳುವುದಕ್ಕಿಂತ ಸುಲಭವೆಂಬ ನಂಬಿಕೆ ಸಮಾಜದಲ್ಲಿ ಬೇರುಬಿಟ್ಟಿದೆ. ಸಂಬಳದ ಪಟ್ಟಿಯೂ ಅದನ್ನೇ ಹೇಳುವಂತಿದೆ: ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2016ರಿಂದ ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರಾಥಮಿಕ ಶಿಕ್ಷಕರ ಮೂಲವೇತನ 35,400 ರೂಪಾಯಿಯಿಂದಲೂ, ಪದವೀಧರ ಶಿಕ್ಷಕರದು 44,900ರಿಂದಲೂ, ಸ್ನಾತಕೋತ್ತರ ಶಿಕ್ಷಕರದು 47,600ರಿಂದಲೂ ಆರಂಭವಾಯಿತು. ಮೂರು ಮೆಟ್ಟಿಲು, ಮೂರು ಬೆಲೆ. ಫಿನ್ಲೆಂಡ್ ದೇಶದವರು 1970ರ ದಶಕದ ಕೊನೆಯಲ್ಲಿಯೇ ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. ಅಲ್ಲಿ ಮೊದಲ ತರಗತಿಗೆ ಕಲಿಸುವವರಿಗೂ ಸ್ನಾತಕೋತ್ತರ ಪದವಿಯೇ ಬೇಕು. ಮೇಲಿನವರು ಗಣಿತವನ್ನೋ ಇತಿಹಾಸವನ್ನೋ ಮುಖ್ಯವಾಗಿ ಓದಿದರೆ, ಕೆಳಗಿನವರು ಮಗುವನ್ನು, ಅಂದರೆ ಶಿಕ್ಷಣಶಾಸ್ತ್ರವನ್ನು, ಮುಖ್ಯವಾಗಿ ಓದುತ್ತಾರೆ.

ಆರು ವರ್ಷದ ಮಗುವಿನ ಮುಂದೆ ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮಸಮವಾಗಿ ನೀರು ತುಂಬಿಡಿರಿ. ಎರಡರಲ್ಲಿಯೂ ಒಂದೇ ಸಮ ಎಂದು ಮಗು ಒಪ್ಪುತ್ತದೆ. ಅದರ ಕಣ್ಣೆದುರಿಗೇ ಒಂದು ಲೋಟದ ನೀರನ್ನು ಉದ್ದನೆಯ ಸಪೂರ ಪಾತ್ರೆಗೆ ಸುರಿಯಿರಿ. ಈಗ ಯಾವುದರಲ್ಲಿ ಹೆಚ್ಚು ನೀರಿದೆಯೆಂದು ಕೇಳಿದರೆ, ಆ ವಯಸ್ಸಿನ ಬಹುಪಾಲು ಮಕ್ಕಳು ಉದ್ದನೆಯ ಪಾತ್ರೆಯನ್ನು ತೋರಿಸುತ್ತಾರೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಜಗತ್ತಿಗೆ ತೋರಿಸಿಕೊಟ್ಟ ಪ್ರಯೋಗವಿದು. ಮಗು ದಡ್ಡನಲ್ಲ; ಅದರ ಬುದ್ಧಿ ಇನ್ನೂ ಬೇರೊಂದು ವ್ಯಾಕರಣದಲ್ಲಿ ಕೆಲಸ ಮಾಡುತ್ತಿದೆ. ಆ ವ್ಯಾಕರಣವನ್ನು ಅರಿಯದೆ "ಏಳಕ್ಕೆ ಐದು ಕೂಡಿಸು" ಎಂದು ಗದರಿಸುವ ಎಂ.ಎಸ್‌ಸಿ. ಪದವೀಧರನಿಗಿಂತ, ಹುಣಿಸೆಬೀಜವನ್ನು ಮುಂದೆ ಸುರಿದುಕೊಂಡು ನೆಲದ ಮೇಲೆ ಕೂರುವ ಉಪಾಧ್ಯಾಯಿನಿ ಹೆಚ್ಚು ಗಣಿತವನ್ನು ಬಲ್ಲಳೆಂದೇ ಹೇಳಬೇಕು.

ಹಾಗೆಂದು ಪ್ರಾಥಮಿಕ ಶಾಲೆಯವರಿಗೆ ಮಗುವಿನ ಮನಸ್ಸು ತಿಳಿದರೆ ಸಾಕು, ವಿಷಯಜ್ಞಾನ ಬೇಡ ಎಂದಲ್ಲ. ಲಿಪಿಂಗ್ ಮಾ ಎಂಬ ಚೀನೀ ಮೂಲದ ವಿದುಷಿ 1999ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಅಮೆರಿಕದ 23 ಮಂದಿ ಮತ್ತು ಚೀನಾದ 72 ಮಂದಿ ಪ್ರಾಥಮಿಕ ಶಿಕ್ಷಕರನ್ನು ಹೋಲಿಸಿದ್ದಾರೆ. ಪ್ರಶ್ನೆಗಳಲ್ಲೊಂದು ಹೀಗಿತ್ತು: ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಆಮೇಲೆ ಆ ಲೆಕ್ಕಕ್ಕೆ ಹೊಂದುವಂಥ ಒಂದು ಕತೆ ಹೇಳಿ. ಚೀನಾದ 72 ಮಂದಿಯೂ ಲೆಕ್ಕವನ್ನು ಸರಿಯಾಗಿ ಮಾಡಿದರು. ಅಮೆರಿಕದವರಲ್ಲಿ ಅರ್ಧದಷ್ಟು ಮಂದಿಗೂ ಸರಿಯುತ್ತರ ಬರಲಿಲ್ಲ. ಕತೆಯ ಮಾತಂತೂ ಬೇಡ. ಅನೇಕರು ಒಂದೂಮುಕ್ಕಾಲು ರೊಟ್ಟಿಯನ್ನು ಇಬ್ಬರಿಗೆ ಹಂಚುವಂಥ ಕತೆಯನ್ನು ಹೇಳಿದರು. ಅದು ಎರಡರಿಂದ ಭಾಗಿಸಿದಂತಾಯಿತೇ ಹೊರತು ಅರ್ಧದಿಂದ ಭಾಗಿಸಿದಂತಾಗಲಿಲ್ಲ.

ವಾಚಕರು ಈ ಪುಟವನ್ನು ಮಗುಚುವ ಮುನ್ನ ತಾವೇ ಒಮ್ಮೆ ಪ್ರಯತ್ನಿಸಿ ನೋಡಬಹುದು. ಹಾಲಿನವಳ ಬಳಿ ಒಂದೂಮುಕ್ಕಾಲು ಲೀಟರು ಹಾಲಿದೆ. ಅವಳ ಅಳತೆಯ ಪಾತ್ರೆ ಅರ್ಧ ಲೀಟರಿನದು. ಎಷ್ಟು ಪಾತ್ರೆ ಅಳೆಯಬಹುದು? ಮೂರೂವರೆ. ಐದನೆಯ ತರಗತಿಯ ಲೆಕ್ಕ. ಕಲಿಸುವವರಿಗೆ ಇದರ ಒಳಮರ್ಮ ಹೊಳೆಯದಿದ್ದರೆ ಮಗುವಿಗೆ ದಕ್ಕುವುದು "ತಿರುವಿ ಗುಣಿಸು" ಎಂಬ ಮಂತ್ರವೊಂದೇ. ಆ ಮಗು ಎಂಟನೆಯ ತರಗತಿಗೆ ಬಂದಾಗ "ಇವನಿಗೆ ಬುಡವೇ ಇಲ್ಲ" ಎಂದು ಹೈಸ್ಕೂಲಿನ ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಾರೆ. ಬುಡವನ್ನು ಯಾರು ಎಲ್ಲಿ ಕಡಿದರೆಂಬುದನ್ನು ಆಗ ಯಾರೂ ವಿಚಾರಿಸುವುದಿಲ್ಲ.

ಮೀಸೆಯ ತಾಯಿ

ಮೇಲಿನ ತರಗತಿಯನ್ನು ಬಿಟ್ಟು ಕೆಳಗಿನದನ್ನು ಬೇಕೆಂದೇ ಆರಿಸಿಕೊಂಡವರು ಇಲ್ಲವೆಂದಲ್ಲ. ಗುಜರಾತಿನ ಗಿಜುಭಾಯಿ ಬಧೇಕಾ ಅವರ ಕತೆಯನ್ನು ಶಿಕ್ಷಕರಾಗಬಯಸುವ ಪ್ರತಿಯೊಬ್ಬರೂ ಒಮ್ಮೆ ಕೇಳಬೇಕು. 1885ರಲ್ಲಿ ಹುಟ್ಟಿದ ಅವರು ವೃತ್ತಿಯಿಂದ ವಕೀಲರು. 1913ರಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟಿತು. ಈ ಮಗುವನ್ನು ಹೇಗೆ ಬೆಳೆಸಬೇಕೆಂಬ ಚಿಂತೆ ಹತ್ತಿದ ತಂದೆಯ ಕೈಗೆ ಇಟಲಿಯ ಮರಿಯಾ ಮಾಂಟೆಸೊರಿಯವರ ಬರವಣಿಗೆ ಸಿಕ್ಕಿತು. ಮಾಂಟೆಸೊರಿಯೂ ಮೂಲತಃ ಉಪಾಧ್ಯಾಯಿನಿಯಲ್ಲ, ವೈದ್ಯೆ. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ತಮ್ಮ ಮೊದಲ ಮಕ್ಕಳಮನೆಯನ್ನು ತೆರೆದಿದ್ದರು. ಓದುತ್ತ ಓದುತ್ತ ಗಿಜುಭಾಯಿಯವರಿಗೆ ಕೋರ್ಟು ಬೇಸರ ತಂದಿತು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. ಅಲ್ಲಿ ದೊಡ್ಡ ಹುಡುಗರ ಶಾಲೆಯ ಹೊಣೆ ಅವರದಾಗಿತ್ತು. ಆ ಹುಡುಗರೊಡನೆ ಒಡನಾಡಿದ ಮೇಲೆ ಅವರಿಗೆ ಅನಿಸಿದ್ದು, ತಾನು ತುಂಬ ತಡವಾಗಿ ಬಂದಿದ್ದೇನೆಂದು. ರೂಢಿಗಳು ಗಟ್ಟಿಯಾಗಿ, ಭಯ ಮೈಗೂಡಿ, ಕಲಿಕೆಯೆಂದರೆ ಬಾಯಿಪಾಠವೆಂಬ ತಿಳಿವಳಿಕೆ ಬಲಿತ ಮೇಲೆ ಶಿಕ್ಷಕ ಮಾಡಬಹುದಾದದ್ದು ಕಡಿಮೆ. 1920ರಲ್ಲಿ ಅವರು ಎರಡೂವರೆ ಮೂರು ವರ್ಷದ ಮಕ್ಕಳಿಗಾಗಿ ಬಾಲಮಂದಿರವನ್ನು ತೆರೆದು ಕೆಳಕ್ಕೆ ಇಳಿದರು. ಇಳಿದರೆಂಬುದು ಲೋಕದ ಮಾತು.

ದಪ್ಪ ಮೀಸೆಯ ಆ ಗಂಭೀರ ವಕೀಲರನ್ನು ಜನ ಕೊನೆಗೆ "ಮೀಸೆಯ ತಾಯಿ" ಎಂದೇ ಕರೆದರು. ಕತೆ, ಆಟ, ಹಾಡು ಇವೇ ಅವರ ಪಾಠದ ಸಾಮಗ್ರಿ. ಹಗಲುಗನಸೆಂಬ ಅರ್ಥದ "ದಿವಾಸ್ವಪ್ನ" ಎಂಬ ಅವರ ಗುಜರಾತಿ ಪುಸ್ತಕದಲ್ಲಿ ತರುಣ ಶಿಕ್ಷಕನೊಬ್ಬ ಅಧಿಕಾರಿಯ ಬಳಿಗೆ ಹೋಗಿ, ಒಂದು ವರ್ಷದ ಮಟ್ಟಿಗೆ ನಾಲ್ಕನೆಯ ತರಗತಿಯನ್ನು ತನಗೆ ಬಿಟ್ಟುಕೊಡಿ ಎಂದು ಬೇಡುತ್ತಾನೆ. ಪಠ್ಯಪುಸ್ತಕವನ್ನು ಬದಿಗಿಟ್ಟು ಕತೆಯಿಂದ ಆರಂಭಿಸುತ್ತಾನೆ. ಮೊದಲ ದಿನ ಪ್ರಯೋಗ ಕೆಡುತ್ತದೆ, ಮಕ್ಕಳು ಗದ್ದಲವೆಬ್ಬಿಸುತ್ತಾರೆ. ಯಶಸ್ಸಿನ ಕತೆಯನ್ನು ಬರೆಯುವವರು ಸಾಮಾನ್ಯವಾಗಿ ಇಂಥ ಮೊದಲ ದಿನಗಳನ್ನು ಬಿಟ್ಟುಬಿಡುತ್ತಾರೆ, ಗಿಜುಭಾಯಿ ಬಿಡಲಿಲ್ಲ.

ಕನ್ನಡನಾಡಿಗೂ ಇಂಥ ಪರಂಪರೆಯೊಂದಿದೆ. ಪಂಜೆ ಮಂಗೇಶರಾಯರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದರು, ಶಾಲಾ ಇನ್‌ಸ್ಪೆಕ್ಟರಾಗಿದ್ದರು, ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಆದರೂ ಅವರ ಲೇಖನಿ ಹಂಬಲಿಸಿದ್ದು ಮಡಿಲಮಕ್ಕಳಿಗಾಗಿ. ಕನ್ನಡ ಎಂ.ಎ. ಮಾಡಿ ಮುಂದೆ ಕಾಲೇಜಿನಲ್ಲಿ ಬೋಧಿಸಿದ ಜಿ.ಪಿ. ರಾಜರತ್ನಂ ಅವರು ತುತ್ತೂರಿಯ ಪದ್ಯವನ್ನು ಬರೆದದ್ದೂ ಎಳೆಯರಿಗಾಗಿಯೇ. ಮೇಲಿನ ತರಗತಿಯ ವಿದ್ವತ್ತು ಕೆಳಗಿನ ತರಗತಿಯ ಮುಂದೆ ಮಂಡಿಯೂರಿದಾಗ ಎಂಥ ಫಲ ದೊರೆಯುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ "ನಲಿ-ಕಲಿ" ಇನ್ನೊಂದು ನಿದರ್ಶನ. ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ ನೋಡಿಬಂದ ಸಾಮಾನ್ಯ ಸರ್ಕಾರಿ ಶಿಕ್ಷಕರೇ, ಯುನಿಸೆಫ್ ಸಂಸ್ಥೆಯ ನೆರವಿನಿಂದ, ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ಸಿದ್ಧಪಡಿಸಿದರು. ಮಕ್ಕಳು ಬೆಂಚಿನ ಸಾಲು ಬಿಟ್ಟು ನೆಲದ ಮೇಲೆ ಗುಂಪುಗುಂಪಾಗಿ ಕುಳಿತರು. ಮಗುವಿನ ಕೈಗೆಟಕುವ ಎತ್ತರದಲ್ಲಿ ಗೋಡೆಗೆ ಕರಿಹಲಗೆಗಳು ಬಂದವು. ತಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳ ಚಿತ್ರಗಳನ್ನು ಚಪ್ಪರದಂತೆ ತೂಗುಹಾಕಲಾಯಿತು. ಒಂದು ಮಗು ನಾಲ್ಕು ದಿನ ಶಾಲೆಗೆ ಬಾರದಿದ್ದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದಾಯಿತು. 2009-10ರ ಸುಮಾರಿಗೆ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹಬ್ಬಿತು. ಒಂದೇ ಕೋಣೆಯಲ್ಲಿ, ಒಂದೇ ಗಳಿಗೆಯಲ್ಲಿ, ಮೂರು ತರಗತಿಯ ಮಕ್ಕಳು ಬೇರೆಬೇರೆ ಮೆಟ್ಟಿಲುಗಳ ಮೇಲಿರುವುದನ್ನು ನೆನಪಿಟ್ಟುಕೊಂಡು ನಡೆಸಬೇಕಾದ ಆ ಪಾಠವನ್ನು ಸುಲಭವೆನ್ನುವವರು ಒಂದು ದಿನ ನಡೆಸಿ ನೋಡಲಿ.

ವಿಷಯವೆಂಬ ಇನ್ನೊಂದು ಕವಲು

ಕೆಳಗಿನ ತರಗತಿಗಳನ್ನು ಆರಿಸಿಕೊಂಡವರಿಗೆ ವಿಷಯದ ಪ್ರಶ್ನೆಯೇ ಏಳುವುದಿಲ್ಲ. ಎಲ್ಲ ವಿಷಯಗಳೂ ಅವರವೇ. ಶಿಕ್ಷಣ ಹಕ್ಕಿನ ಕಾಯಿದೆಯ ಲೆಕ್ಕದಲ್ಲಿ 1ರಿಂದ 5ರವರೆಗೆ 60 ಮಕ್ಕಳವರೆಗಿನ ಶಾಲೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರು ಶಿಕ್ಷಕರು, ಉಳಿದದ್ದನ್ನು ಊಹಿಸಿಕೊಳ್ಳಬಹುದು. 6ರಿಂದ 8ಕ್ಕೆ ಬಂದೊಡನೆ ಅದೇ ಕಾಯಿದೆ ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗೊಬ್ಬರು ಇರಬೇಕೆನ್ನುತ್ತದೆ. ಅರ್ಹತಾ ಪರೀಕ್ಷೆಯೂ ಅಲ್ಲಿಯೇ ಕವಲೊಡೆಯುತ್ತದೆ. 150 ಅಂಕಗಳ ಮೊದಲ ಪತ್ರಿಕೆಯಲ್ಲಿ ಮಗುವಿನ ಬೆಳವಣಿಗೆ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ ಈ ಐದಕ್ಕೂ ತಲಾ 30 ಅಂಕ. ಎರಡನೆಯ ಪತ್ರಿಕೆಯಲ್ಲಿ ಮೊದಲ ಮೂರನ್ನು ಬಿಟ್ಟು ಉಳಿದ 60 ಅಂಕಗಳಿಗೆ ಗಣಿತ-ವಿಜ್ಞಾನವನ್ನೋ ಸಮಾಜವಿಜ್ಞಾನವನ್ನೋ ಆರಿಸಿಕೊಳ್ಳಬೇಕು. ಸಾಮಾನ್ಯ ವರ್ಗದವರಿಗೆ ತೇರ್ಗಡೆಯ ಗೆರೆ ನೂರಕ್ಕೆ 60. ಒಮ್ಮೆ ಗೆದ್ದರೆ ಆ ಪ್ರಮಾಣಪತ್ರ ಜೀವಮಾನವಿಡೀ ನಡೆಯುತ್ತದೆಂದು 2021ರಲ್ಲಿ ತೀರ್ಮಾನವಾಯಿತು. ಅದಕ್ಕೆ ಮೊದಲು ಏಳು ವರ್ಷದ ಗಡುವಿತ್ತು.

ಬಿ.ಎಡ್. ಸೇರುವವರು ಎರಡು ಬೋಧನಾ ವಿಷಯಗಳನ್ನು ಆರಿಸಿಕೊಳ್ಳುತ್ತಾರೆ. ಆರಿಸಿಕೊಳ್ಳುತ್ತಾರೆಂಬುದು ಅರ್ಧಸತ್ಯ. ನಿಜವಾದ ಆಯ್ಕೆ ಮೂರು ವರ್ಷ ಹಿಂದೆ, ಪದವಿ ಕಾಲೇಜಿನ ಬಾಗಿಲಲ್ಲಿಯೇ ನಡೆದುಹೋಗಿರುತ್ತದೆ. ಭೌತ, ರಸಾಯನ, ಗಣಿತ ಓದಿದವರು ಒಂದು ಸಾಲು. ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದವರು ಇನ್ನೊಂದು ಸಾಲು. ಕಲಾ ಪದವೀಧರರು ಸಮಾಜ ಮತ್ತು ಭಾಷೆಗಳಿಗೆ. ಕರ್ನಾಟಕ ಸರ್ಕಾರ 2022ರಲ್ಲಿ 6ರಿಂದ 8ನೆಯ ತರಗತಿಗೆಂದು 15,000 ಪದವೀಧರ ಶಿಕ್ಷಕರ ಹುದ್ದೆಗಳನ್ನು ಪ್ರಕಟಿಸಿದಾಗಲೂ ವಿಷಯವಾರು ವಿಂಗಡಣೆಯೇ ನಡೆಯಿತು. ಸಾಲು ತಪ್ಪಿದವರಿಗೆ, ಎಷ್ಟೇ ಅಂಕವಿರಲಿ, ಪ್ರವೇಶವಿಲ್ಲ. ವಾಣಿಜ್ಯ ಪದವೀಧರರಿಗಂತೂ ಸರ್ಕಾರಿ ಪ್ರೌಢಶಾಲೆಯ ದಾರಿ ಬಲು ಇಕ್ಕಟ್ಟು. ಲೆಕ್ಕಶಾಸ್ತ್ರಕ್ಕೆ ಬೇಡಿಕೆಯಿರುವುದು ಪಿ.ಯು. ಮಟ್ಟದಲ್ಲಿ; ಅಲ್ಲಿಗೆ ಎಂ.ಕಾಂ. ಬೇಕು. ಆದುದರಿಂದ ಮಗನೋ ಮಗಳೋ ಉಪಾಧ್ಯಾಯ ವೃತ್ತಿಯ ಮಾತೆತ್ತಿದರೆ ಬಿ.ಎಡ್. ಕಾಲೇಜಿನ ವಿವರಣ ಪುಸ್ತಕಕ್ಕಿಂತ ಮೊದಲು ಹಿಂದಿನ ನೇಮಕಾತಿ ಪ್ರಕಟಣೆಯೊಂದನ್ನು ಮುಂದಿಟ್ಟುಕೊಂಡು ಸಾಲುಸಾಲಾಗಿ ಓದುವುದು ಲೇಸು. ಅದರ ಕನ್ನಡ ಕಬ್ಬಿಣದ ಕಡಲೆಯೇ, ಆದರೂ ಅಗಿಯಬೇಕು.

ಇಷ್ಟವಾದ ವಿಷಯವೋ, ಹುದ್ದೆಯಿರುವ ವಿಷಯವೋ? ಗಣಿತ ವಿಜ್ಞಾನಗಳಲ್ಲಿ ಪೈಪೋಟಿ ಕಡಿಮೆಯೆಂದು ಅಳೆದು, ಮನಸ್ಸಿಲ್ಲದಿದ್ದರೂ ಆ ಕಡೆಗೆ ತಿರುಗುವವರಿದ್ದಾರೆ. ಮನೆಯ ಪರಿಸ್ಥಿತಿ ನೋಡಿ ಹಾಗೆ ಮಾಡಿದವರನ್ನು ದೂಷಿಸಬೇಕಿಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗರಿಗೆ ಒಂದು ವಿಚಿತ್ರ ಶಕ್ತಿಯಿದೆ: ಮೇಷ್ಟ್ರಿಗೆ ತಮ್ಮ ವಿಷಯದಲ್ಲಿ ರುಚಿಯಿದೆಯೋ ಇಲ್ಲವೋ ಎಂಬುದನ್ನು ಅವರು ಎರಡನೆಯ ವಾರದಲ್ಲಿಯೇ ಕಂಡುಹಿಡಿಯುತ್ತಾರೆ. ಇನ್ನು, ಯಾವ ವಿಷಯದಲ್ಲಿ ತಾನು ಸದಾ ಮೊದಲಿಗನಾಗಿದ್ದೆನೋ ಅದನ್ನೇ ಕಲಿಸಬೇಕೆಂಬುದೂ ಪೂರ್ತಿ ಸರಿಯಲ್ಲ. ಎಡವಿ, ಬಿದ್ದು, ಮತ್ತೆ ಎದ್ದು ಬೀಜಗಣಿತವನ್ನು ಒಲಿಸಿಕೊಂಡವಳಿಗೆ ಹುಡುಗರು ಎಡವುವ ಕಲ್ಲು ಎಲ್ಲಿದೆಯೆಂಬುದು ಗೊತ್ತಿರುತ್ತದೆ. ಅಮೆರಿಕದ ಲೀ ಶುಲ್ಮನ್ ಎಂಬ ಶಿಕ್ಷಣತಜ್ಞರು 1986ರಲ್ಲಿ ಇದಕ್ಕೊಂದು ಶಾಸ್ತ್ರೀಯ ರೂಪವನ್ನೇ ಕೊಟ್ಟರು: ವಿಷಯವನ್ನು ಬಲ್ಲುದು ಒಂದು, ಆ ವಿಷಯವನ್ನು ಕಲಿಯುವವನ ಕಷ್ಟವನ್ನು ಬಲ್ಲುದು ಇನ್ನೊಂದು, ಎರಡೂ ಬೆರೆತ ಮೂರನೆಯ ಜ್ಞಾನವೊಂದಿದೆ, ಶಿಕ್ಷಕನ ನಿಜವಾದ ಬಂಡವಾಳ ಅದೇ.

ನೋಡದೆ ಆಗುವ ಮದುವೆ

ಎರಡು ವರ್ಷದ ಬಿ.ಎಡ್. ತರಬೇತಿಯಲ್ಲಿ, 2014ರ ನಿಯಮದಂತೆ, ಒಟ್ಟು 20 ವಾರ ಶಾಲೆಗಳಲ್ಲಿ ಕಳೆಯಬೇಕು. ಅದರಲ್ಲಿ 16 ವಾರ ಬರುವುದು ಎರಡನೆಯ ವರ್ಷದಲ್ಲಿ. ಅಂದರೆ ತರಗತಿಯೆಂಬುದರ ನಿಜವಾದ ಮುಖ ಕಾಣುವ ಹೊತ್ತಿಗೆ ಶುಲ್ಕ ತೆತ್ತಾಗಿದೆ, ಒಂದು ವರ್ಷ ಕಳೆದಾಗಿದೆ, ಹಂತವೂ ವಿಷಯವೂ ನಿಶ್ಚಯವಾಗಿವೆ. ಹಿಂದಿನ ಕಾಲದ ಮದುವೆಗಳಲ್ಲಿ ಅಂತರಪಟ ಸರಿದಾಗಲೇ ವರನ ಮುಖ ನೋಡುತ್ತಿದ್ದರಲ್ಲ, ಹಾಗೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಆರಂಭವಾದಾಗಿನಿಂದ, ಪದವಿಯನ್ನೂ ತರಬೇತಿಯನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಕಲಿಸುವ ಕ್ರಮಕ್ಕೆ ಹೆಸರಾದದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದೇ ಬಗೆಯ ನಾಲ್ಕು ವರ್ಷದ ಬಿ.ಎಡ್. 2030ರ ಹೊತ್ತಿಗೆ ಕನಿಷ್ಠ ಅರ್ಹತೆಯಾಗಬೇಕೆಂದು ಹೇಳಿತು. 3ರಿಂದ 8 ವರ್ಷ, 8ರಿಂದ 11, 11ರಿಂದ 14, 14ರಿಂದ 18 ಎಂಬ ನಾಲ್ಕು ಹಂತಗಳಲ್ಲಿ ಯಾವುದಕ್ಕೆ ಸಿದ್ಧರಾಗಬೇಕೆಂಬುದನ್ನು ಅಲ್ಲಿಯೂ ಅಭ್ಯರ್ಥಿ ಆರಿಸಿಕೊಳ್ಳಬೇಕು. ಹೆಸರು ಬದಲಾಯಿತು, ವರ್ಷಗಳು ಬದಲಾದವು. ಸೋದರಮಾವನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಒಮ್ಮೆ ಆರಿಸಿ ನೌಕರಿ ಹಿಡಿದವರಿಗಾದರೂ ನೆಮ್ಮದಿಯುಂಟೆ? ರಾಜ್ಯದಲ್ಲಿ 1ರಿಂದ 7ನೆಯ ತರಗತಿಗೆಂದು ನೇಮಕವಾಗಿದ್ದ ಪ್ರಾಥಮಿಕ ಶಿಕ್ಷಕರನ್ನು 2017ರ ನಿಯಮಾವಳಿ 1ರಿಂದ 5ಕ್ಕೆ ಸೀಮಿತಗೊಳಿಸಿತೆಂಬ ಅಸಮಾಧಾನ 2024ರಲ್ಲಿ ಅವರನ್ನು ಬೆಂಗಳೂರಿನ ಬೀದಿಗೆ ತಂದಿತು. ಅವರಲ್ಲಿ ಪದವಿ ಪಡೆದವರು, ಬಿ.ಎಡ್. ಪಡೆದವರು ಎಷ್ಟೋ ಮಂದಿ. ಮೇಲಿನ ತರಗತಿಗಳಿಗೆ ವರ್ಷಗಟ್ಟಲೆ ಪಾಠ ಹೇಳಿದ್ದವರು. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ ಮತ್ತೊಂದು ತೀರ್ಪಿತ್ತು, ಸೇವೆಯಲ್ಲಿರುವವರೂ ಅರ್ಹತಾ ಪರೀಕ್ಷೆಯನ್ನು ಗೆಲ್ಲಬೇಕೆಂದಿತು: ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದವರಿಗೆ ಎರಡು ವರ್ಷದ ಕಾಲಾವಕಾಶ, ಅದಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಆದರೆ ಬಡ್ತಿಗೆ ಪರೀಕ್ಷೆ ಬೇಕು. ತಲೆ ನರೆತ ಉಪಾಧ್ಯಾಯಿನಿಯೊಬ್ಬಳು ರಾತ್ರಿ ಅಡುಗೆ ಮುಗಿಸಿ, ತನ್ನ ವಿದ್ಯಾರ್ಥಿಗಳಾಗಿದ್ದವರ ಜತೆಯಲ್ಲೇ ಬರೆಯಬೇಕಾದ ಪರೀಕ್ಷೆಗೆ ಓದಲು ಕೂರುವ ದೃಶ್ಯ ಹಾಸ್ಯವೆನಿಸಬಹುದು. ಅವಳಿಗೆ ಅದು ಹಾಸ್ಯವಲ್ಲ.

ಹಾಗಾದರೆ ನಡುಮನೆಯ ಸಭೆ ಏನು ಮಾಡಬೇಕು? ಅಂತರಪಟ ಸರಿಯುವ ಮುನ್ನ ಮುಖ ನೋಡುವ ಉಪಾಯವೊಂದಿದೆ. ಅದಕ್ಕೆ ಖರ್ಚೂ ಇಲ್ಲ. ಬೀದಿಯ ಕೊನೆಯಲ್ಲಿರುವ ಶಾಲೆಯ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಹುಡುಗಿ ಒಂದು ವಾರ ಒಂದನೆಯ ತರಗತಿಯ ಮೂಲೆಯಲ್ಲಿ, ಇನ್ನೊಂದು ವಾರ ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತುಬರಲಿ. ಮೊದಲನೆಯದರಲ್ಲಿ ಮೂಗು ಸೋರುವ, ಚಪ್ಪಲಿ ಕಳೆದುಕೊಳ್ಳುವ, ಒಂದೇ ಕತೆಯನ್ನು ಹತ್ತು ಸಲ ಕೇಳುವ ಲೋಕ. ಎರಡನೆಯದರಲ್ಲಿ ಪ್ರಶ್ನೆಗೆ ಪ್ರಶ್ನೆ ಎಸೆಯುವ, ನಕ್ಕು ಅವಮಾನಿಸಲೂಬಲ್ಲ, ಹಟಾತ್ತನೆ ಒಂದು ಪ್ರಮೇಯವನ್ನು ತಾನೇ ಬಿಡಿಸಿ ಕಣ್ಣರಳಿಸುವ ಲೋಕ. ಸಂಜೆ ಮನೆಗೆ ಬಂದಾಗ ಯಾವ ಲೋಕದ ಸುದ್ದಿಯನ್ನು ಅವಳು ಕೇಳದಿದ್ದರೂ ಹೇಳುತ್ತಾಳೆಂಬುದನ್ನು ತಾಯಿ ಗಮನಿಸುತ್ತಿದ್ದರೆ ಸಾಕು.

ಅರ್ಜಿಯ ನಮೂನೆಯಲ್ಲಿ ಆ ಅಂಕಣವನ್ನು ಅಲ್ಲಿಯವರೆಗೆ ಖಾಲಿ ಬಿಟ್ಟಿರಬಹುದು. ಕೊನೆಯ ದಿನಾಂಕವನ್ನು ಮಾತ್ರ ಸೋದರಮಾವ ನೆನಪಿಟ್ಟುಕೊಂಡಿರಲಿ.